ಕೊಡುವವರ ಮನೆಯವರು: ಶರಣಾಗತ ರಕ್ಷಣೆಯಿಂದ ಮೂತ್ರಪಿಂಡದಾನದವರೆಗೆ

ಗಂಗಾವತಿಯ ಸಮೀಪದ ಹೇಮಗುಡ್ಡಕ್ಕೆ ಹೋದವರು ಅಲ್ಲಿಯ ದುರ್ಗಾದೇವಿಯ ಗುಡಿಯನ್ನೂ ಕೋಟೆಯ ಅವಶೇಷಗಳನ್ನೂ ನೋಡಿ ಬರುತ್ತಾರೆ. ಸ್ಥಳೀಯ ಪರಂಪರೆಯು ಈ ದುರ್ಗವನ್ನು ಮುಮ್ಮಡಿ ಸಿಂಗನ ಹಾಗೂ ಅವನ ಮಗ ಕಂಪಿಲರಾಯನ ಹೆಸರಿನೊಡನೆ ಜೋಡಿಸುತ್ತದೆ. ಇದೇ ಬೆಟ್ಟಸಾಲಿನ ನಾಡಿನಲ್ಲಿ ಕುಮ್ಮಟದುರ್ಗವಿದೆ. ಗಂಡುಗಲಿ ಕುಮಾರರಾಮನ ಕಥೆ ನಮ್ಮ ಭಾಗದ ಜನರ ಬಾಯಲ್ಲಿ ಇಂದಿಗೂ ಉಳಿದಿದೆ. ಆದರೆ ಈ ಲೇಖನಕ್ಕೆ ಬೇಕಾಗಿರುವುದು ಕುಮಾರರಾಮನ ಪರಾಕ್ರಮವಲ್ಲ, ಅವನ ತಂದೆ ಮಾಡಿದ ಒಂದು ನಿರ್ಧಾರ.

ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪನು ಸಗರ ನಾಡಿನಿಂದ ಓಡಿಬಂದು ಕಂಪಿಲನ ಆಶ್ರಯ ಬೇಡಿದನು. ಕಂಪಿಲನು ಆಶ್ರಯ ಕೊಟ್ಟನು. 1327ರ ಸುಮಾರಿಗೆ ಸುಲ್ತಾನನ ಸೈನ್ಯ ಬಂದು ಮುತ್ತಿತು. ಕೆಲವು ವರ್ಷಗಳ ನಂತರ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತನು ಈ ಸಂಗತಿಯನ್ನು ದಾಖಲಿಸಿದ್ದಾನೆ. ಧಾನ್ಯ ಮುಗಿದು ಕೋಟೆ ಉಳಿಯದೆಂದು ಕಂಡಾಗಲೂ ಕಂಪಿಲನು ಅತಿಥಿಯನ್ನು ಒಪ್ಪಿಸದೆ, ಇನ್ನೊಬ್ಬ ಅರಸನ ಬಳಿಗೆ ಕಳುಹಿಸಿಕೊಟ್ಟನಂತೆ. ಬಳಿಕ ದೊಡ್ಡ ಚಿತೆಯನ್ನು ಹೊತ್ತಿಸಲಾಯಿತು. ಅರಮನೆಯ ಸ್ತ್ರೀಯರೂ ಮಂತ್ರಿ ಪ್ರಧಾನರ ಮಡದಿಯರೂ ಅಗ್ನಿಪ್ರವೇಶ ಮಾಡಿದರು. ಅರಸನು ತನ್ನವರೊಡನೆ ಹೋರಾಡಿ ಮಡಿದನು. ಹನ್ನೊಂದು ಜನ ಪುತ್ರರು ಸೆರೆಯಾದರು. ಆ ಅತಿಥಿಯೂ ಉಳಿಯಲಿಲ್ಲ. ಎರಡನೆಯ ಅರಸನು ಅವನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿಬಿಟ್ಟನು.

ಅಭಯದಾನದ ಈ ಕಥೆಯನ್ನು ಹೇಳುವಾಗ ನಾವು ಅರಸನ ಧರ್ಮನಿಷ್ಠೆಯನ್ನು ಕೊಂಡಾಡುತ್ತೇವೆ, ಅದು ಯೋಗ್ಯವೇ. ಆದರೆ ಅಭಯ ಕೊಟ್ಟವನು ಒಬ್ಬ, ಅದರ ಬೆಲೆ ತೆತ್ತವರು ಹಲವರು ಎಂಬುದನ್ನು ಮರೆಯಲಾಗದು. ಚಿತೆಗೆ ಇಳಿದ ಆ ಸ್ತ್ರೀಯರನ್ನು ಮೊದಲು ಯಾರಾದರೂ ಒಂದು ಮಾತು ಕೇಳಿದ್ದರೇ? ಇತಿಹಾಸದಲ್ಲಿ ಅದಕ್ಕೆ ಉತ್ತರವಿಲ್ಲ.

ಏಳು ಶತಮಾನಗಳ ನಂತರ ಅದೇ ಪ್ರಶ್ನೆ ಬೇರೆ ವೇಷದಲ್ಲಿ ನಮ್ಮ ಮನೆಗಳ ಪಡಸಾಲೆಗೆ ಬಂದು ಕುಳಿತಿದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳಿಂದ ಮೂತ್ರಪಿಂಡಗಳು ಕೆಟ್ಟುಹೋದ ರೋಗಿ ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯಲ್ಲಿಯೂ ಅಪರೂಪವಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾದ ಬಾಳು ಅದು. ಒಂದು ದಿನ ವೈದ್ಯರು ಮನೆಯವರನ್ನು ಕರೆದು, ನಿಮ್ಮಲ್ಲಿ ಯಾರಾದರೂ ಕಿಡ್ನಿ ಕೊಡುವಿರಾ ಎಂದು ಕೇಳುತ್ತಾರೆ. ತಮ್ಮನೋ ತಂಗಿಯೋ ಮುಂದೆ ಬರುತ್ತಾರೆ. ಆಗ ಇನ್ನೊಂದು ಕಡೆಯಿಂದ ಕಳವಳ ಆರಂಭವಾಗುತ್ತದೆ. ತಮ್ಮನ ಹೆಂಡತಿ ರಾತ್ರಿಯೆಲ್ಲ ನಿದ್ರಿಸುವುದಿಲ್ಲ. ತಂಗಿಯ ಅತ್ತೆ ಮಾವಂದಿರು ಮೌನವಾಗುತ್ತಾರೆ. ರೋಗಿಯ ತಾಯಿಯೇ ದಾನಿಗೂ ತಾಯಿ. ಒಬ್ಬ ಮಗ ಉಳಿಯಲೆಂದು ಇನ್ನೊಬ್ಬ ಮಗನನ್ನು ಶಸ್ತ್ರಚಿಕಿತ್ಸೆಯ ಕೊಠಡಿಗೆ ಕಳುಹಿಸಬೇಕಾದ ಆಕೆಯ ಸಂಕಟವನ್ನು ಯಾವ ಶಬ್ದದಿಂದ ವರ್ಣಿಸುವುದು? ಈ ಕಳವಳವನ್ನು ಸ್ವಾರ್ಥವೆಂದು ಜರೆಯುವವರಿದ್ದಾರೆ. ಹಾಗೆ ಜರೆಯುವುದು ಅನ್ಯಾಯವೆಂದೇ ನನ್ನ ಭಾವನೆ.

ಈ ವಿಷಯದಲ್ಲಿ ನಮ್ಮ ಆಗಮ ಪುರಾಣಗಳು ಏನನ್ನುತ್ತವೆಂದು ಕೇಳುವವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಮೇಘರಥನ ಕಥೆ. ಶಾಂತಿನಾಥ ತೀರ್ಥಂಕರರ ಪೂರ್ವಭವದ ಈ ಅರಸನು ಗಿಡುಗಕ್ಕೆ ಹೆದರಿ ಬಂದ ಪಾರಿವಾಳಕ್ಕೆ ಅಭಯವಿತ್ತನು. ಹೇಮಚಂದ್ರಾಚಾರ್ಯರ ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿ ಅರಸನು ಹಕ್ಕಿಯ ತೂಕಕ್ಕೆ ಸಮನಾಗಿ ತನ್ನ ತೊಡೆಯ ಮಾಂಸವನ್ನೇ ಕೊಯ್ದು ತಕ್ಕಡಿಗಿಡುತ್ತಾನೆ. ಸಾಲದಾದಾಗ ತಾನೇ ತಕ್ಕಡಿಯನ್ನೇರುತ್ತಾನೆ. ಪರಿಜನರು ಹಾಹಾಕಾರ ಮಾಡಿ ತಡೆಯಲೆತ್ನಿಸುತ್ತಾರೆ. ಅಂಗದಾನವನ್ನು ಸಮರ್ಥಿಸುವ ಭಾಷಣಗಳಲ್ಲಿ ಈ ದೃಶ್ಯ ಮೇಲಿಂದ ಮೇಲೆ ಬರುತ್ತದೆ.

ಆದರೆ ದಿಗಂಬರ ಪರಂಪರೆಯ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಇದೇ ಕಥೆಯ ಹದ ಬೇರೆ. ಅಲ್ಲಿ ಮೇಘರಥನು ಕತ್ತಿ ಹಿಡಿಯುವುದಿಲ್ಲ. ದಾನವೆಂದರೇನು, ಕೊಡತಕ್ಕ ವಸ್ತು ಯಾವುದು, ಪಡೆಯತಕ್ಕ ಪಾತ್ರನಾರು ಎಂಬುದನ್ನು ವಿವೇಚಿಸುತ್ತಾನೆ. ಮಾಂಸ ಕೊಡತಕ್ಕ ವಸ್ತುವಲ್ಲ, ಅದನ್ನು ಬೇಡುವ ಗಿಡುಗ ಪಾತ್ರವೂ ಅಲ್ಲ ಎಂಬುದೇ ಅಲ್ಲಿಯ ತೀರ್ಮಾನ. ಒಂದೇ ಮಹಾಪುರುಷನ ಒಂದೇ ಭವದ ಕಥೆ. ಒಂದೆಡೆ ಅಂಗವನ್ನೇ ಅರ್ಪಿಸುವ ಕರುಣೆ, ಇನ್ನೊಂದೆಡೆ ಕೊಡುವ ಮುನ್ನ ವಿಚಾರಿಸುವ ವಿವೇಕ. ಎರಡನ್ನೂ ಓದಿದವರು ಮನೆಯವರ ಹಿಂಜರಿಕೆಯನ್ನು ಅಧರ್ಮವೆನ್ನಲಾರರು. ಹಾಗೆಯೇ, ಗಿಡುಗದ ಹಸಿವಿಗೆ ಹೇಳಿದ ಮಾತನ್ನು ರೋಗಿಯ ಪ್ರಾಣರಕ್ಷಣೆಗೆ ನೇರವಾಗಿ ಅನ್ವಯಿಸಲೂ ಬರುವುದಿಲ್ಲ. ಮೂತ್ರಪಿಂಡ ಆಹಾರವಾಗುವುದಿಲ್ಲ, ಇನ್ನೊಂದು ದೇಹದಲ್ಲಿ ಜೀವಂತವಾಗಿ ಕೆಲಸ ಮಾಡುತ್ತದೆ. ಪುರಾತನರು ಕಾಣದ ಪರಿಸ್ಥಿತಿ ಇದು. ಹಳೆಯ ಕಥೆಯಿಂದ ದಾರಿಯ ಬೆಳಕು ದೊರೆತೀತು, ತೀರ್ಪು ದೊರೆಯಲಾರದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನವನ್ನು ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೆಂದು ನಿರೂಪಿಸಿ, ವಿಧಿ, ದ್ರವ್ಯ, ದಾತೃ, ಪಾತ್ರಗಳಿಂದ ಅದರಲ್ಲಿ ಭೇದವುಂಟಾಗುವುದೆಂದು ಹೇಳುತ್ತದೆ. ಅನುಗ್ರಹವೆಂದರೆ ಪಡೆಯುವವನದು ಮಾತ್ರವಲ್ಲ, ಕೊಡುವವನದೂ ಹೌದು ಎಂದು ಪೂಜ್ಯಪಾದರು ವ್ಯಾಖ್ಯಾನಿಸಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದಾತಾರನ ಗುಣಗಳನ್ನು ಎಣಿಸುವಾಗ ಐಹಿಕ ಫಲದ ಅಪೇಕ್ಷೆಯಿಲ್ಲದಿರುವುದು, ಕಪಟವಿಲ್ಲದಿರುವುದು ಇವುಗಳ ಜೊತೆಗೆ ವಿಷಾದವಿಲ್ಲದಿರುವುದನ್ನೂ ಸೇರಿಸಿದ್ದಾರೆ. ಕೊಟ್ಟ ಮೇಲೆ ಕೊರಗದವನೇ ದಾತಾರ. ಮುಂದೆ ಕೊರಗುವ ಸಂಭವವಿದ್ದರೆ ಅದನ್ನು ಮೊದಲೇ ಕಂಡುಕೊಳ್ಳಬೇಕಾದವರು ಯಾರು? ವೈದ್ಯರಿಗಿಂತ ಹೆಚ್ಚಾಗಿ ಅವನೊಡನೆ ಬಾಳುವವರೇ ಅಲ್ಲವೆ?

ಈಗ ಚರಿತ್ರೆಯ ಕಡೆಗೆ ಬರೋಣ. 1952ರ ಡಿಸೆಂಬರಿನಲ್ಲಿ ಪ್ಯಾರಿಸ್ ನಗರದ ನೆಕರ್ ಆಸ್ಪತ್ರೆಗೆ ಹದಿನಾರು ವರ್ಷದ ಬಡಗಿ ಹುಡುಗನೊಬ್ಬ ಬಂದ. ಎತ್ತರದಿಂದ ಬಿದ್ದ ಪೆಟ್ಟಿಗೆ ಒಂದು ಮೂತ್ರಪಿಂಡ ಹರಿದುದರಿಂದ ಅದನ್ನು ತೆಗೆದುಹಾಕಿದ್ದರು. ಆತನಿಗೆ ಹುಟ್ಟಿನಿಂದ ಇದ್ದುದು ಅದೊಂದೇ ಎಂಬುದು ಅನಂತರ ತಿಳಿಯಿತು. ತಾಯಿ ತನ್ನದೊಂದನ್ನು ತೆಗೆದುಕೊಳ್ಳಿರೆಂದು ವೈದ್ಯರನ್ನು ಬಿಡದೆ ಬೇಡಿದಳು. ಜಾನ್ ಆಂಬುರ್ಜೆ ಎಂಬ ವೈದ್ಯರ ತಂಡ ಒಪ್ಪಿತು. ಮೂರು ವಾರ ಆ ಅಂಗ ಚೆನ್ನಾಗಿ ಕೆಲಸ ಮಾಡಿ, ಬಳಿಕ ದೇಹವು ಅದನ್ನು ತಿರಸ್ಕರಿಸಿತು; ಹುಡುಗ ತೀರಿಕೊಂಡ. ಜೀವಂತ ಬಂಧುವಿನ ಮೂತ್ರಪಿಂಡದಾನದ ಇತಿಹಾಸ ಹೀಗೆ ತಾಯಿಯೊಬ್ಬಳ ಹಟದಿಂದಲೂ ವಿಫಲತೆಯಿಂದಲೂ ಆರಂಭವಾಯಿತು.

ಎರಡು ವರ್ಷಗಳ ನಂತರ, 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರ್ರೆ ಮತ್ತು ಅವರ ಸಹೋದ್ಯೋಗಿಗಳು ರೊನಾಲ್ಡ್ ಹೆರಿಕ್ ಎಂಬ ಇಪ್ಪತ್ತಮೂರು ವರ್ಷದ ಯುವಕನ ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಜೋಡಿಸಿದರು. ಏಕರೂಪ ಅವಳಿಗಳಾದ್ದರಿಂದ ದೇಹ ತಿರಸ್ಕರಿಸಲಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಧರ್ಮಗುರುಗಳನ್ನೂ ನ್ಯಾಯವೇತ್ತರನ್ನೂ ಸಂದರ್ಶಿಸಿ ಕೇಳಿದ ಪ್ರಶ್ನೆ ಗಮನಾರ್ಹವಾದುದು: ಯಾವ ರೋಗವೂ ಇಲ್ಲದ ಮನುಷ್ಯನನ್ನು, ಅವನ ದೇಹಕ್ಕೆ ಯಾವ ಪ್ರಯೋಜನವೂ ಇಲ್ಲದೆ ಕೊಯ್ಯಬಹುದೇ? ವೈದ್ಯಶಾಸ್ತ್ರವು ತನ್ನ ಮೊದಲ ವ್ರತವಾದ ಹಿಂಸಾವರ್ಜನೆಯನ್ನೇ ಪ್ರಶ್ನಿಸಿಕೊಂಡ ಕ್ಷಣವದು. ನಮ್ಮವರಿಗೆ ಇದರ ತೂಕ ಬೇಗ ಅರ್ಥವಾದೀತು. ಮುನ್ನಾದಿನದ ರಾತ್ರಿ ರೋಗಿಯಾದ ರಿಚರ್ಡನೇ ಸಹೋದರನಿಗೆ ಚೀಟಿ ಕಳುಹಿಸಿ, ಇಲ್ಲಿಂದ ಎದ್ದು ಮನೆಗೆ ಹೋಗೆಂದು ಹೇಳಿದನಂತೆ. ರೊನಾಲ್ಡನು ಹೋಗುವುದಿಲ್ಲವೆಂದು ಮಾರೋಲೆ ಬರೆದನು. ರಿಚರ್ಡ್ ತನ್ನನ್ನು ಶುಶ್ರೂಷೆ ಮಾಡಿದ ದಾದಿಯನ್ನೇ ವಿವಾಹವಾಗಿ, ಎರಡು ಮಕ್ಕಳ ತಂದೆಯಾಗಿ, 1963ರವರೆಗೆ ಬದುಕಿದ್ದನು. ಕೊಟ್ಟ ರೊನಾಲ್ಡ್ ಶಾಲಾ ಉಪಾಧ್ಯಾಯನಾಗಿ ಬಾಳಿ 2010ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಮರ್ರೆಯವರಿಗೆ 1990ರಲ್ಲಿ ನೊಬೆಲ್ ಬಹುಮಾನ ಬಂದಿತು. (ಈ ವಿದ್ಯೆ ಬೆಳೆದದ್ದು ಎಷ್ಟೋ ನಾಯಿಗಳ ಮೇಲಿನ ಪ್ರಯೋಗಗಳಿಂದ ಎಂಬುದನ್ನೂ ಅಹಿಂಸಾವಾದಿಗಳಾದ ನಾವು ಬಚ್ಚಿಡಬಾರದು. 1902ರಲ್ಲಿ ವಿಯೆನ್ನಾದಲ್ಲಿ ನಡೆದ ಮೊದಲ ಪ್ರಯೋಗವೇ ನಾಯಿಯ ಮೇಲಿನದು.)

ಭಾರತದಲ್ಲಿ ಜೀವಂತ ದಾನಿಯಿಂದ ಯಶಸ್ವಿಯಾಗಿ ಮೂತ್ರಪಿಂಡ ಕಸಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ. ಆ ಕಾಲದಲ್ಲಿ ರಕ್ತಸಂಬಂಧಿಯೇ ಕೊಡಬೇಕಾಗಿತ್ತು. ಪರರ ಅಂಗ ನಿಲ್ಲುವುದು ಕಷ್ಟವಾಗಿತ್ತು. 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂದ ಮೇಲೆ ಪರರ ಅಂಗವೂ ನಿಲ್ಲತೊಡಗಿತು. ಒಳ್ಳೆಯ ಔಷಧದ ಹಿಂದೆಯೇ ಕೆಟ್ಟ ವ್ಯಾಪಾರವೂ ಬಂದಿತು. ತಮ್ಮವರನ್ನು ಅಪಾಯಕ್ಕೊಡ್ಡಲು ಹೆದರಿದ ಹಣವಂತ ಮನೆಗಳು ಬಡವರ ಮೂತ್ರಪಿಂಡವನ್ನು ಕೊಳ್ಳತೊಡಗಿದವು. ಬೆಂಗಳೂರು ಈ ಮಾರಾಟದ ಕೇಂದ್ರಗಳಲ್ಲಿ ಒಂದೆಂದು ಅಪಕೀರ್ತಿ ಪಡೆಯಿತು. 1995ರಲ್ಲಿ ಅಲ್ಲಿ ಬಯಲಾದ ಹಗರಣ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಮನೆಯವರ ಕಳವಳ ಅಧರ್ಮಕ್ಕೆ ತಿರುಗುವ ಸ್ಥಳ ಇದೇ. ನನ್ನ ತಮ್ಮನಿಗೆ ಅಪಾಯ ಬೇಡ ಎನ್ನುವ ಮಾತು ಪ್ರೀತಿಯದು. ಅದರ ಬದಲು ಹೆಸರಿಲ್ಲದ ಕೂಲಿಯವನಿಗೆ ಆಗಲಿ ಎನ್ನುವ ಮಾತು ಯಾವ ಅಣುವ್ರತಕ್ಕೂ ಒಗ್ಗದು.

ಇದನ್ನು ತಡೆಯಲು ಸಂಸತ್ತು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯಿದೆಯನ್ನು ಅಂಗೀಕರಿಸಿತು. ಆರೋಗ್ಯ ರಾಜ್ಯಗಳ ವಿಷಯವಾದುದರಿಂದ ರಾಜ್ಯಗಳು ಒಂದೊಂದಾಗಿ ಇದನ್ನು ಸ್ವೀಕರಿಸಬೇಕಾಯಿತು. ತಂದೆ, ತಾಯಿ, ಮಗ, ಮಗಳು, ಸೋದರ, ಸೋದರಿ, ಪತಿ ಅಥವಾ ಪತ್ನಿ ಇವರನ್ನು ಕಾಯಿದೆಯು ಹತ್ತಿರದ ಬಂಧುಗಳೆಂದು ಹೇಳಿತು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ದಾನಿಗಳನ್ನು ಪರಸ್ಪರ ಬದಲಾಯಿಸಿಕೊಳ್ಳಲು ಅದೇ ತಿದ್ದುಪಡಿ ಅವಕಾಶ ಕೊಟ್ಟಿತು. ಚಿಕ್ಕಪ್ಪ, ಸೋದರಮಾವ, ಭಾವಮೈದುನ ಮೊದಲಾದವರು ಕೊಡುವುದಾದರೆ ಅಧಿಕಾರ ಸಮಿತಿಯ ಒಪ್ಪಿಗೆ ಬೇಕು.

ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದದ್ದು 2014ರ ನಿಯಮಗಳಲ್ಲಿದೆ. ಇಂತಹ ಪ್ರಕರಣಗಳಲ್ಲಿ ದಾನಿಯ ಬಂಧುವೊಬ್ಬರನ್ನು ಸಮಿತಿಯು ಕರೆದು, ದಾನದ ಸಂಗತಿ ಅವರಿಗೆ ತಿಳಿದಿದೆಯೇ, ಕಾರಣವೇನು ಎಂದು ವಿಚಾರಿಸಬೇಕು. ಅವರಿಗೆ ಬಲವಾದ ವಿರೋಧವಿದ್ದರೆ ಅದನ್ನು ಬರೆದುಕೊಂಡು ಪರಿಗಣಿಸಬೇಕು. ಗಮನಿಸಿರಿ: ವಿರೋಧವಿದ್ದ ಮಾತ್ರಕ್ಕೆ ದಾನವನ್ನು ನಿಲ್ಲಿಸಬೇಕೆಂದು ನಿಯಮ ಹೇಳಿಲ್ಲ, ಕೇಳದೆ ಮುಂದುವರಿಯಲೂ ಬಿಟ್ಟಿಲ್ಲ. ದಾನಿ ಮಹಿಳೆಯಾದರೆ ಆಕೆಯ ಗುರುತನ್ನೂ ಸ್ವತಂತ್ರ ಸಮ್ಮತಿಯನ್ನೂ ಅಂಗ ಪಡೆಯುವವನಲ್ಲದ ಬೇರೊಬ್ಬರು ದೃಢೀಕರಿಸಬೇಕೆಂದು ಇನ್ನೊಂದು ನಿಯಮವಿದೆ. ಈ ಎಚ್ಚರಿಕೆ ಅನವಶ್ಯಕವೆನ್ನುವಂತಿಲ್ಲ. 2019ರಿಂದ 2023ರವರೆಗೆ ಭಾರತದಲ್ಲಿ ಜೀವಂತವಾಗಿ ಅಂಗ ಕೊಟ್ಟವರಲ್ಲಿ ನೂರಕ್ಕೆ ಅರವತ್ತಮೂರಕ್ಕೂ ಹೆಚ್ಚು ಜನ ಸ್ತ್ರೀಯರೆಂದು ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಲೆಕ್ಕಗಳು ತೋರಿಸಿವೆ. ಪಡೆದವರಲ್ಲಿ ಪುರುಷರೇ ಹೆಚ್ಚು. ತಾಯಿ, ಮಡದಿಯರ ತ್ಯಾಗವೆಂದು ಇದನ್ನು ಹೊಗಳಿ ಮುಗಿಸಿಬಿಡುವುದು ಸುಲಭ. ದುಡಿಯುವ ಗಂಡಸು ಕೊಟ್ಟರೆ ಮನೆ ನಡೆಯುವುದಿಲ್ಲವೆಂಬ ಲೆಕ್ಕಾಚಾರ ಎಷ್ಟು ಮನೆಗಳಲ್ಲಿ ನಡೆದಿದೆಯೋ, ಯಾರ ಬಾಯಿಂದಲೂ ಹೊರಡದೆ ಎಷ್ಟು ಹೆಣ್ಣುಮಕ್ಕಳ ಮೇಲೆ ಬಿದ್ದಿದೆಯೋ!

ಭಯದ ಪ್ರಮಾಣವೆಷ್ಟು ಎಂಬುದನ್ನೂ ನೋಡಬೇಕು. ದಾನಿ ಶಸ್ತ್ರಚಿಕಿತ್ಸೆಯಿಂದ ಮೃತನಾಗುವ ಸಂಭವ ಹತ್ತು ಸಾವಿರಕ್ಕೆ ಸುಮಾರು ಮೂರು ಎಂದು 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತಿಳಿಸಿತ್ತು. 2024ರ ಅಧ್ಯಯನದಲ್ಲಿ ಅದು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿದಿದೆ. ಮುಂದೆ ದಾನಿಯ ಉಳಿದ ಮೂತ್ರಪಿಂಡವೇ ಕೆಡುವ ಜೀವಮಾನದ ಸಂಭವ ಹತ್ತು ಸಾವಿರಕ್ಕೆ ತೊಂಬತ್ತೆಂದು 2014ರಲ್ಲಿ ಅಂದಾಜಿಸಿದರು. ದಾನಿಯಷ್ಟೇ ಆರೋಗ್ಯವಿದ್ದೂ ಕೊಡದವರಲ್ಲಿ ಅದು ಹದಿನಾಲ್ಕು. ಪರೀಕ್ಷೆಗೊಳಗಾಗದ ಸಾಮಾನ್ಯ ಜನರಲ್ಲಿ ಮುನ್ನೂರಕ್ಕೂ ಮಿಕ್ಕು. ಅಂದರೆ ಅಪಾಯ ಚಿಕ್ಕದು, ಆದರೆ ಶೂನ್ಯವಲ್ಲ. ಏನೂ ಆಗುವುದಿಲ್ಲವೆಂದು ಭರವಸೆ ಕೊಡುವ ಬಂಧುವಿನ ಮಾತನ್ನು ನಂಬಬಾರದು. ಇನ್ನು ಮಕ್ಕಳಾಗಬೇಕಾದ ತಂಗಿಯೋ ಮಗಳೋ ಕೊಡುವುದಾದರೆ ಒಂದು ವಿಷಯವನ್ನು ವಿಶೇಷವಾಗಿ ಕೇಳಿ ತಿಳಿಯಬೇಕು. ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗರ್ಭಿಣಿಯಾದಾಗ ರಕ್ತದೊತ್ತಡದ ತೊಂದರೆ ದಾನಿಗಳಲ್ಲಿ ನೂರಕ್ಕೆ ಹನ್ನೊಂದು, ಇತರರಲ್ಲಿ ಐದು ಎಂದು ಕಂಡುಬಂದಿತು. ಹೆಚ್ಚಿನವರ ಹೆರಿಗೆ ಸುಸೂತ್ರವಾಗಿಯೇ ಆಗಿದ್ದರೂ, ಈ ಮಾತನ್ನು ಆಕೆಯ ಕಿವಿಗೆ ಹಾಕದೆ ಸಹಿ ಪಡೆಯುವುದು ಕಪಟವೇ.

ಮನೆಯೊಳಗಿನ ಒತ್ತಡವನ್ನು ವಿದ್ವಾಂಸರು ಬಹುಕಾಲದಿಂದ ಗಮನಿಸಿದ್ದಾರೆ. ದಾನಿಗಳಲ್ಲಿ ಅನೇಕರು ವಿವರಣೆ ಕೇಳುವ ಮುನ್ನವೇ, ಬಾಯಿ ತೆರೆದ ಕ್ಷಣದಲ್ಲೇ ನಿರ್ಧರಿಸಿಬಿಟ್ಟಿರುತ್ತಾರೆಂದು 1970ರ ಸುಮಾರಿಗೆ ಅಮೆರಿಕದ ವೈದ್ಯರು ಕಂಡುಕೊಂಡರು. ವಿವಾಹಿತ ದಾನಿಗಳು ಹುಟ್ಟಿದ ಮನೆಗೂ ಕಟ್ಟಿಕೊಂಡ ಸಂಸಾರಕ್ಕೂ ನಡುವೆ ಸಿಲುಕುವುದನ್ನು ಸಮಾಜಶಾಸ್ತ್ರಜ್ಞರು ಬರೆದರು. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಇದು ಇನ್ನೂ ತೀವ್ರ. ಕೊಡಲು ಮನಸ್ಸಿಲ್ಲದವನು ಹಿರಿಯರೆದುರು ಬೇಡವೆನ್ನಲಾರ. ಅಂಥವನ ಮಾತನ್ನು ವೈದ್ಯರು ಏಕಾಂತದಲ್ಲಿ ಕೇಳಿ, ಈತನ ಅಂಗ ಹೊಂದುವುದಿಲ್ಲವೆಂದಷ್ಟೇ ಮನೆಯವರಿಗೆ ತಿಳಿಸುವ ಪದ್ಧತಿ ಹಲವು ಕಡೆ ಇದೆ. ಸತ್ಯಾಣುವ್ರತದ ದೃಷ್ಟಿಯಿಂದ ಇದು ಚರ್ಚಾಸ್ಪದವಾಗಬಹುದು. ಆದರೆ ಪರಪೀಡೆ ತರುವ ಸತ್ಯವನ್ನು ಆಡಬಾರದೆಂಬ ವಿವೇಕವೂ ನಮ್ಮ ಶ್ರಾವಕಾಚಾರಗಳಲ್ಲಿಯೇ ಇದೆ.

ಒಬ್ಬನ ನಿರ್ಧಾರಕ್ಕೂ ಮನೆಯವರ ಮಾತಿಗೂ ಇರಬೇಕಾದ ಸಂಬಂಧವನ್ನು ಕುಂದಕುಂದಾಚಾರ್ಯರ ಪ್ರವಚನಸಾರದ ಮೂರನೆಯ ಅಧಿಕಾರ ಬಹು ಹಿಂದೆಯೇ ಸೂಚಿಸಿದೆ. ಶ್ರಮಣನಾಗಲು ಹೊರಟವನು ಬಂಧುವರ್ಗವನ್ನು ಕೇಳಿ, ಹಿರಿಯರು, ಪತ್ನಿ, ಪುತ್ರರಿಂದ ಬಿಡುಗಡೆ ಪಡೆದು ಹೊರಡಬೇಕು. ಸಂಸಾರವನ್ನೇ ಬಿಡುವವನಿಗೆ ಇಷ್ಟು ವಿಧಿಯಿದ್ದರೆ, ಸಂಸಾರದಲ್ಲಿದ್ದುಕೊಂಡೇ ಅಂಗ ಕೊಡುವವನಿಗೆ ಇದು ಹೆಚ್ಚಾಗಿ ಸಲ್ಲುತ್ತದೆ. ಆತ ಹೆಂಡತಿಗೆ ತಿಳಿಸದೆ ಆಸ್ಪತ್ರೆಗೆ ಹೋಗಬಾರದು. ಆಕೆಯೂ ಆಣೆ ಪ್ರಮಾಣಗಳಿಂದ ಆತನನ್ನು ಕಟ್ಟಿಹಾಕಬಾರದು.

ನಮ್ಮ ಕೊಪಣವು, ಅಂದರೆ ಇಂದಿನ ಕೊಪ್ಪಳವು, ಮಹಾತೀರ್ಥವೆಂದು ಹೆಸರಾದದ್ದು ದೇಹದ ಮಮಕಾರವನ್ನು ನೀಗಿದವರಿಂದ. ಅಲ್ಲಿಯ ಬಂಡೆಯೊಂದರ ಶಾಸನದಲ್ಲಿ ಒಂದು ತಿಂಗಳ ಇಂಗಿನೀಮರಣವನ್ನು ಸಾಧಿಸಿದ ಸಿಂಹನಂದಿ ಆಚಾರ್ಯರ ಹೆಸರಿನೊಡನೆ, ಅವರನ್ನು ಸೇವಿಸಿದ ನಾಲ್ವರ ಹೆಸರುಗಳನ್ನೂ ಕೆತ್ತಲಾಗಿದೆ. ಸಮಾಧಿಮರಣ ಬೇರೆ, ಅಂಗದಾನ ಬೇರೆ, ಎರಡನ್ನೂ ಬೆರೆಸಬಾರದು. ಆದರೂ ವ್ರತಿಕನ ಹೆಸರಿನ ಕೆಳಗೆ ಶುಶ್ರೂಷೆ ಮಾಡಿದವರನ್ನೂ ಬರೆದಿಟ್ಟ ಆ ಶಿಲ್ಪಿಯ ಔಚಿತ್ಯ ಮೆಚ್ಚತಕ್ಕದ್ದು.

ಏಕೆಂದರೆ ನಿಜವಾದ ಕಷ್ಟ ಶಸ್ತ್ರಚಿಕಿತ್ಸೆಯ ನಂತರ. ದಾನಿ ನಾಲ್ಕಾರು ವಾರ ಭಾರ ಎತ್ತುವಂತಿಲ್ಲ. ಗಂಗಾವತಿಯ ಭತ್ತದ ಗದ್ದೆಯವನಿಗೆ ನಾಟಿಯ ಹಂಗಾಮು ಹೋದರೆ ವರ್ಷದ ಅನ್ನ ಹೋದಂತೆ. ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರಪರೀಕ್ಷೆ ಮಾಡಿಸಬೇಕು. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಅಷ್ಟಮಿ ಚತುರ್ದಶಿಗಳಲ್ಲಿ ನೀರನ್ನೂ ಬಿಟ್ಟು ಉಪವಾಸವಿರುವವರು ಇನ್ನು ಮುಂದೆ ಅದು ಯೋಗ್ಯವೇ ಎಂದು ಮೊದಲೇ ವಿಚಾರಿಸಬೇಕು. ಅಂಗ ಪಡೆದವನಿಗಂತೂ ಬಾಳಿನುದ್ದಕ್ಕೂ ಔಷಧ. ಬಹುಪಾಲು ಹನ್ನೆರಡು ಗಂಟೆಗೊಮ್ಮೆ, ದಿನಕ್ಕೆರಡು ಸಲ. ರಾತ್ರಿ ನೀರನ್ನೂ ತ್ಯಜಿಸಿದ ಶ್ರಾವಕರು ಔಷಧದ ವೇಳೆಯನ್ನು ಹೇಗೆ ಗೊತ್ತುಮಾಡಿಕೊಳ್ಳಬಹುದೆಂದು ಮೊದಲೇ ವೈದ್ಯರನ್ನು ಕೇಳಲಿ. ಯಾವ ಕಾರಣಕ್ಕೂ ತಾವಾಗಿಯೇ ಮಾತ್ರೆ ಬಿಡಬಾರದು, ಬಿಟ್ಟರೆ ತಂಗಿ ಕೊಟ್ಟದ್ದು ಮಣ್ಣುಪಾಲು.

ಬಸದಿಗಳ ವಿಶ್ವಸ್ತ ಮಂಡಳಿಗಳು ದಾನಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಸನ್ಮಾನಿಸುವುದು ಈಚೆಗೆ ರೂಢಿಯಾಗುತ್ತಿದೆ. ಸಭೆಯಲ್ಲಿ ಕುಳಿತ, ಕೊಡಲಾರದ ಇನ್ನೊಬ್ಬ ತಮ್ಮನ ಮುಖವನ್ನು ಅವರು ನೋಡುವುದಿಲ್ಲ. ಶಾಲಿನ ಬದಲು ಮಾಡಬಹುದಾದ ಕೆಲಸವಿದೆ. ಅಂಗಕ್ಕೆ ಬೆಲೆ ಕೊಡುವುದು ಅಪರಾಧ. ಐದರಿಂದ ಹತ್ತು ವರ್ಷ ಸೆರೆವಾಸವೂ ಇಪ್ಪತ್ತು ಲಕ್ಷದಿಂದ ಒಂದು ಕೋಟಿಯವರೆಗೆ ದಂಡವೂ ಇದೆ. ಆದರೆ ದಾನದಿಂದ ನೇರವಾಗಿ ಉಂಟಾದ ಖರ್ಚನ್ನೂ ಗಳಿಕೆಯ ನಷ್ಟವನ್ನೂ ಕಾಯಿದೆಯು ಬೆಲೆಯೆಂದು ಎಣಿಸುವುದಿಲ್ಲ. ದಾನಿಯ ಮನೆಗೆ ಎರಡು ತಿಂಗಳ ಕೂಲಿ, ಬೆಂಗಳೂರು ಅಥವಾ ಬೆಳಗಾವಿಯಲ್ಲಿ ಜೊತೆಗಿರುವವರಿಗೆ ವಸತಿ, ಹಿಂದೆ ಉಳಿದ ಮಕ್ಕಳಿಗೆ ಊಟ, ವರ್ಷಕ್ಕೊಮ್ಮೆಯ ಪರೀಕ್ಷೆಯ ವೆಚ್ಚ, ಇವನ್ನು ಮಂಡಳಿಗಳು ಆಸ್ಪತ್ರೆಯ ಕಸಿ ಸಂಯೋಜಕರಿಗೆ ತಿಳಿಸಿ, ರಸೀದಿಯಿಟ್ಟು, ವಹಿಸಿಕೊಳ್ಳಬಹುದು.